ಏಕಾಗ್ರತೆಗೆ ದೂರವೊಂದೇ ಸಾಲದು
ನಗರದ ಗದ್ದಲದಿಂದ ದೂರವಿರುವ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳ ಏಕಾಗ್ರತೆ ಹೆಚ್ಚುತ್ತದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ಮಂಗಳೂರಿನಿಂದ ಸುಮಾರು 20 ಕಿ.ಮೀ. ದೂರದ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ಆವರಣ ಮಂಗಳಗಂಗೋತ್ರಿಯನ್ನೇ ನೋಡಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊದಲುಗೊಂಡು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಇಲ್ಲಿ ಹಾಸ್ಟೆಲಿನಲ್ಲಿ ಇರುವವರ ದಿನಚರಿಯೇ ಬೇರೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ದಾಟಿ ದಿನವೂ ಬಸ್ಸಿನಲ್ಲಿ ಬಂದುಹೋಗುವವರ ದಿನಚರಿಯೇ ಬೇರೆ. ಮೊದಲನೆಯವರಿಗೆ ತರಗತಿ ಮುಗಿದ ಮೇಲೂ ಗ್ರಂಥಾಲಯವಿದೆ, ಒಡನಾಟವಿದೆ. ಸಾಗರ ಭೂವಿಜ್ಞಾನ ಓದುವವನೂ ಕನ್ನಡ ಎಂ.ಎ. ಮಾಡುವವಳೂ ಒಂದೇ ಮೇಜಿನಲ್ಲಿ ಗೋಳಿಬಜೆ ಹಂಚಿಕೊಂಡು ವಾದಕ್ಕಿಳಿಯುವುದು ನಗರದ ನಡುವಿನ ಒಂಟಿ ಕಟ್ಟಡದ ಕಾಲೇಜಿನಲ್ಲಿ ಸುಲಭವಾಗಿ ಒದಗುವ ಭಾಗ್ಯವಲ್ಲ. ಎರಡನೆಯವರಾದರೋ ವಿಚಾರಗೋಷ್ಠಿಯ ಚರ್ಚೆ ಕಾವೇರುವ ಹೊತ್ತಿಗೆ ಚೀಲ ಹೆಗಲಿಗೇರಿಸಬೇಕು, ಏಕೆಂದರೆ ತೊಕ್ಕೊಟ್ಟಿನಲ್ಲಿ ಇಳಿದು ಊರಿನ ಕಡೆಗೆ ಇನ್ನೊಂದು ಬಸ್ಸು ಹಿಡಿಯುವುದಿರುತ್ತದೆ. ಜುಲೈ ಮಳೆಯಲ್ಲಿ ಕೊಡೆ ಹಿಡಿದೂ ಮೊಣಕಾಲಿನವರೆಗೆ ಒದ್ದೆಯಾಗಿ ಮೊದಲ ತರಗತಿಗೆ ಬಂದು ಕೂತವರ ಏಕಾಗ್ರತೆಯ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಅರೆಕಾಲಿಕ ಕೆಲಸದ ಮಾತನ್ನಂತೂ ಲೇಖನ ಎತ್ತಿಯೇ ಇಲ್ಲ. ಸಂಜೆ ಟ್ಯೂಷನ್ ಹೇಳಿಯೋ ಅಂಗಡಿಯಲ್ಲಿ ಲೆಕ್ಕ ಬರೆದೋ ಶುಲ್ಕ ಹೊಂದಿಸಿಕೊಳ್ಳುವವರಿಗೆ ಕೆಲಸ ಹೆಚ್ಚಾಗಿ ಸಿಗುವುದು ನಗರದಲ್ಲಿ. ಹಾಗಾಗಿ ಅನುಕೂಲಸ್ಥರಿಗೆ ಪ್ರಶಾಂತತೆ ಎನಿಸುವ ದೂರವು ಇವರಿಗೆ ನೇರ ಖರ್ಚಾಗುತ್ತದೆ. ಹಾಸ್ಟೆಲ್ ಸೀಟು ಹಂಚುವಾಗ ಅಂಕಗಳ ಜೊತೆಗೆ ಮನೆಯ ದೂರವನ್ನೂ ಕುಟುಂಬದ ಆದಾಯವನ್ನೂ ಎಷ್ಟರಮಟ್ಟಿಗೆ ಪರಿಗಣಿಸಬೇಕು ಎಂಬ ಕುರಿತು ಲೇಖಕರು ಮುಂದೊಮ್ಮೆ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.