ಹಾಜರಾತಿ ಕೇಳ್ತೀರಿ, ಬಸ್ಸು ನಿಲ್ಲಿಸಲ್ವಲ್ಲ!

ಹಾಸನದಲ್ಲಿ ಮೊದಲ ವರ್ಷದ ಬಿ.ಕಾಂ. ಪಿಯುವರೆಗೂ ಕನ್ನಡದಲ್ಲಿ ಓದಿದ್ದರಿಂದ ಇಂಗ್ಲಿಷ್ ನೋಟ್ಸ್ ತಲೆಗೆ ಹತ್ತೋದು ನಿಧಾನ, ಆದರೂ ಹತ್ತುತ್ತೆ. ಹೊಟ್ಟೆ ಉರಿಯೋದು ಬೆಳಗಿನ ಬಸ್ಸಿಗೆ. ಚಿಕ್ಕಮಗಳೂರಿಂದ ಬರೋದು ಬೇಲೂರಲ್ಲೇ ತುಂಬಿರುತ್ತೆ. ನಮ್ಮೂರ ಗೇಟಲ್ಲಿ ಕೈ ಅಡ್ಡ ಹಾಕಿದರೆ ಡ್ರೈವರ್ ಅಣ್ಣ 'ಹಿಂದೆ ಬರ್ತಿದೆ' ಅಂತ ಸನ್ನೆ ಮಾಡಿ ಹೋಗೇಬಿಡ್ತಾರೆ. ಹಿಂದಿನದೂ ಹಾಗೇ! ಪಾಸಿಗೆ ದುಡ್ಡು ಕಟ್ಟಿ, ಮಳೇಲಿ ನೆಂದು, ಎರಡನೇ ಪೀರಿಯಡ್‌ಗೆ ತಲುಪಿದರೆ ಮೊದಲನೆಯದಕ್ಕೆ ಆಬ್ಸೆಂಟ್. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸಲ್ಲವಂತೆ. ಹಾಸ್ಟೆಲ್ ಸೀಟು ಸಿಕ್ಕಿಲ್ಲ. ಪಿಜಿಗೆ ಅಂತ ಅಪ್ಪನ್ನ ಕೇಳೋಕೆ ಬಾಯಿ ಬರಲ್ಲ, ಶುಂಠಿಗೆ ಕೊಳೆರೋಗ ಬಂದು ಕೂತಿದೆ. ಬೆಳಿಗ್ಗೆ 8ಕ್ಕೆ ಬೇಲೂರಿಂದ ಒಂದೇ ಒಂದು ಬಸ್ಸು ಸ್ಟೂಡೆಂಟ್ಸ್‌ಗೆ ಅಂತ ಬಿಡಿ. ಎಲ್ಲಾ ಗೇಟಲ್ಲೂ ನಿಲ್ಲಿಸಿ.