ದೈತ್ಯ ರೋಬೋಟ್ ಸಿನಿಮಾಕ್ಕೆ ಎರಡೂವರೆ ಗಂಟೆ ಕೊಡಬಹುದಾ?

ಪರ: ಚಕ್ರ ಎಲ್ಲಿ ಹೋಯ್ತು ಅಂತ ನೋಡಬೇಕು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮೊನ್ನೆ ಇಂಥದ್ದೇ ಒಂದು ಸಿನಿಮಾಕ್ಕೆ ಅಕ್ಕನನ್ನು ಎಳೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ಅರ್ಧ ನಗರ ಕುಸಿಯುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಅವಳು ನಿದ್ದೆ ಹೋಗಿದ್ದಳು. ತಲೆ ಒಂದು ಕಡೆ ವಾಲಿತ್ತು. ತ್ರೀಡಿ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ವಿರೋಧದ ಭಾಗ ಬರೆದಿರುವುದು ಅವಳೇ. ಓದುವಾಗ ಇದೊಂದು ನೆನಪಿರಲಿ, ಅಷ್ಟೇ.

ಇಂಥ ಸಿನಿಮಾ ಇಷ್ಟಪಡುವವರೂ ಯಾಕೋ ನಾಚಿಕೊಂಡೇ ಮಾತಾಡುತ್ತಾರೆ. "ಲಾಜಿಕ್ ಕೇಳ್ಬೇಡಿ, ಸುಮ್ನೆ ಟೈಮ್‌ಪಾಸ್‌ಗೆ ನೋಡಿ" ಅಂತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ತಲೆಯನ್ನು ಮನೆಯಲ್ಲಿಟ್ಟು ಹೋದರೆ ನೋಡಬೇಕಾದದ್ದೇ ತಪ್ಪಿಹೋಗುತ್ತದೆ.

ಒಂದು ಲಾರಿ ಎದ್ದು ರೋಬೋಟ್ ಆಗುವ ಆ ಕೆಲವು ಸೆಕೆಂಡುಗಳನ್ನೇ ತಗೊಳ್ಳಿ. ಮುಂದಿನ ಗಾಜು ಎರಡಾಗಿ ಎದೆಯ ಮೇಲೆ ಬಂದು ಕೂರುತ್ತದೆ. ಹೊಗೆ ಕೊಳವೆಗಳು ಭುಜದ ಹಿಂದೆ ನಿಲ್ಲುತ್ತವೆ. ಚಕ್ರಗಳು ಮಡಚಿಕೊಂಡು ಕಾಲಿಗೆ ಅಂಟುತ್ತವೆ. ಕೊನೆಗೆ ಎಲ್ಲೋ ಒಳಗಿನಿಂದ ಒಂದು ಮುಖ ಮೇಲೇಳುತ್ತದೆ. ಇದು ಒಂದಿಷ್ಟು ಹೊಗೆ ಬಿಟ್ಟು, ಮಸುಕು ಮಾಡಿ ಮುಗಿಸಿದ ಕೆಲಸ ಅಲ್ಲ. 2007ರ 'ಟ್ರಾನ್ಸ್‌ಫಾರ್ಮರ್ಸ್' ಚಿತ್ರಕ್ಕೆ ಗ್ರಾಫಿಕ್ಸ್ ಕಂಪನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು ಮಾಡಿದ ಆಪ್ಟಿಮಸ್ ಪ್ರೈಮ್ ಅನ್ನುವ ಲಾರಿ ರೋಬೋಟಿನ ಕಂಪ್ಯೂಟರ್ ಮಾದರಿಯಲ್ಲಿ 10,108 ಬಿಡಿಭಾಗಗಳಿದ್ದವು. ಕೆಲವು ಫ್ರೇಮ್‌ಗಳನ್ನು ರೆಂಡರ್ ಮಾಡಲು, ಅಂದರೆ ಕಂಪ್ಯೂಟರ್ ಆ ಚಿತ್ರ ಬಿಡಿಸಿ ಮುಗಿಸಲು, 38 ಗಂಟೆ ಹಿಡಿಯುತ್ತಿತ್ತು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಲೆಕ್ಕ ಹಾಕಿ: ಒಂದೇ ಕಂಪ್ಯೂಟರ್ ಇದ್ದಿದ್ದರೆ ಅಂಥ ಒಂದು ಸೆಕೆಂಡಿಗೆ 38 ದಿನ. ನಿಜವಾಗಿ ಸಾಲುಗಟ್ಟಲೆ ಯಂತ್ರಗಳು ಹಂಚಿಕೊಂಡು ಮಾಡುತ್ತವೆ, ಬಿಡಿ. ಆದರೂ 38 ದಿನ!

ಇಷ್ಟೆಲ್ಲ ಕಷ್ಟ ಯಾಕೆ? ಇದು ಆಟಿಕೆಯಿಂದ ಹುಟ್ಟಿದ ಕಥೆ. 1984ರಲ್ಲಿ ಹ್ಯಾಸ್‌ಬ್ರೋ ಕಂಪನಿ ಜಪಾನಿನ ಟಕಾರಾ ಕಂಪನಿಯ ಆಟಿಕೆಗಳನ್ನು ತಂದು, ಹೊಸ ಹೆಸರಿಟ್ಟು ಮಾರಿತು. ಆ ಆಟಿಕೆಗಳಲ್ಲಿ ಮೋಸ ಇರಲಿಲ್ಲ. ಚಕ್ರ ಮಡಚಿದರೆ ಅದು ಎಲ್ಲಿ ಹೋಯಿತು ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಅಂಥವನ್ನು ತಿರುಚಿ ತಿರುಚಿ ಬೆಳೆದವರು ಥಿಯೇಟರಿನಲ್ಲಿ ಕೂತಾಗ ಕೇಳುವ ಮೊದಲ ಪ್ರಶ್ನೆಯೇ "ಚಕ್ರ ಎಲ್ಲಿ ಹೋಯ್ತು?" ಈ ಪ್ರಶ್ನೆಗೆ ಮರ್ಯಾದೆ ಕೊಡುವ ಸಿನಿಮಾ ಅಂದರೆ ನನಗೆ ಇಷ್ಟ. ಪ್ರೇಕ್ಷಕರು ದಡ್ಡರು ಅಂದುಕೊಂಡವರು 10,108 ಭಾಗ ಮಾಡುತ್ತಾ ಕೂರುವುದಿಲ್ಲ.

ಇನ್ನೊಂದು ವಿಷಯ ತೂಕ. ಪರದೆಯ ಮೇಲೆ ಒಂದು ವಸ್ತು ದೊಡ್ಡದಾಗಿ ಕಾಣಬೇಕಾದರೆ ಪಕ್ಕದಲ್ಲಿ ಸಣ್ಣ ಮನುಷ್ಯನನ್ನು ನಿಲ್ಲಿಸಿದರೆ ಸಾಲದು. ನಿಧಾನ ಬೇಕು. ಆನೆ ಇರುವೆಯ ಹಾಗೆ ಪಟಪಟ ಹೆಜ್ಜೆ ಹಾಕುವುದಿಲ್ಲ. ಉದ್ದ ಹಗ್ಗದ ಉಯ್ಯಾಲೆ ನಿಧಾನಕ್ಕೆ ತೂಗುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ. ಈ ಲೆಕ್ಕ ಯಾರೂ ಹೇಳಿಕೊಡದೆಯೇ ನಮ್ಮ ಕಣ್ಣಿಗೆ ಗೊತ್ತು. 2013ರ 'ಪೆಸಿಫಿಕ್ ರಿಮ್' ಚಿತ್ರದ ರೋಬೋಟ್‌ಗಳು ಸುಮಾರು 250 ಅಡಿ ಎತ್ತರ. ಅಷ್ಟು ಮೇಲಿಂದ ಕಲ್ಲೊಂದು ಬಿದ್ದರೆ ನೆಲ ಮುಟ್ಟಲು ಹತ್ತಿರ ಹತ್ತಿರ ನಾಲ್ಕು ಸೆಕೆಂಡು ಬೇಕು. ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಅವುಗಳನ್ನು ಮಳೆಯಲ್ಲಿ, ಸಮುದ್ರದ ನಡುವೆ ನಿಲ್ಲಿಸಿದ್ದಾರೆ. ಭುಜದಿಂದ ನೀರು ಸುರಿಯುತ್ತದೆ. ಸುರಿದದ್ದು ಬೀಳುತ್ತಲೇ ಇರುತ್ತದೆ. ಆ ನೀರು ನೋಡಿದಾಗಲೇ ಎತ್ತರ ಅರ್ಥವಾಗುವುದು. ಮುಷ್ಟಿ ಹಿಂದಕ್ಕೆ ಹೋಗುತ್ತದೆ, ಒಂದು ಕ್ಷಣ ತಡೆಯುತ್ತದೆ, ಆಮೇಲೆ ಮುಂದಕ್ಕೆ ಬರಲು ಶುರು ಮಾಡುತ್ತದೆ. ಏಟು ಬೀಳುವಷ್ಟರಲ್ಲಿ ನಾವು ಎರಡು ಸಲ ಹಲ್ಲು ಕಚ್ಚಿರುತ್ತೇವೆ.

ಇದನ್ನು ಫೋನಿನಲ್ಲಿ ನೋಡಿದರೆ 250 ಅಡಿ ಅಂದರೆ ಹೆಬ್ಬೆರಳಿನಷ್ಟು. ಸದ್ದೂ ಹಾಗೇ. ಥಿಯೇಟರಿನ ಸಬ್‌ವೂಫರ್ ಹೊರಡಿಸುವ ತಗ್ಗು ಸದ್ದು ಕಿವಿಗಿಂತ ಎದೆಗೆ ಚೆನ್ನಾಗಿ ಕೇಳಿಸುತ್ತದೆ. ಮೊನ್ನೆ ಮೊದಲ ಹೆಜ್ಜೆ ಬಿದ್ದಾಗ ನನ್ನ ಸೀಟಿನ ಕೈ ನಡುಗಿತು. ಮುಂದಿನ ಸಾಲಿನ ಪುಟ್ಟ ಹುಡುಗಿ ನೆಲಕ್ಕೆ ಇಳಿಬಿಟ್ಟಿದ್ದ ಎರಡೂ ಕಾಲನ್ನು ತಟಕ್ಕನೆ ಸೀಟಿನ ಮೇಲೆ ಎಳೆದುಕೊಂಡಳು. ಅಷ್ಟು ಹೊತ್ತು ಅವಳ ಪಾಲಿಗೆ ರೋಬೋಟ್ ಇದ್ದದ್ದು ಪರದೆಯಲ್ಲಲ್ಲ, ಕುರ್ಚಿಯ ಕೆಳಗೆ.

"ಇದರಲ್ಲಿ ಕಥೆ ಎಲ್ಲಿದೆ?" ಅಂತ ಕೇಳುವವರು ಸ್ವಲ್ಪ ಹಿಂದಕ್ಕೆ ಹೋಗಬೇಕು. ರೋಬೋಟ್ ಅನ್ನುವ ಪದ ಬಂದದ್ದೇ 1920ರಲ್ಲಿ ಕರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ. ಅದರ ಮೂಲದಲ್ಲಿರುವುದು ಬಿಟ್ಟಿ ಚಾಕರಿ ಅನ್ನುವ ಅರ್ಥ. ಆ ನಾಟಕದಲ್ಲಿ ಚಾಕರಿಯವರು ತಿರುಗಿಬೀಳುತ್ತಾರೆ. 1956ರಲ್ಲಿ ಜಪಾನಿನ ಮಿತ್ಸುತೆರು ಯೊಕೊಯಾಮ ಅವರ ಕಾಮಿಕ್ಸ್ ಬಂತು. ಯುದ್ಧಕ್ಕೆಂದು ಮಾಡಿದ ದೊಡ್ಡ ರೋಬೋಟ್, ಅದರ ರಿಮೋಟ್ ಒಬ್ಬ ಹುಡುಗನ ಕೈಯಲ್ಲಿ. ರಿಮೋಟ್ ಕಿತ್ತುಕೊಂಡವನಿಗೂ ಅದು ಅಷ್ಟೇ ವಿಧೇಯ. 1972ರ ಜಪಾನಿನ ಇನ್ನೊಂದು ಕಾಮಿಕ್ಸ್ 'ಮಜಿಂಗರ್ ಝಡ್'ನಲ್ಲಿ ಹುಡುಗ ರೋಬೋಟ್‌ನ ತಲೆಯಲ್ಲೇ ಹೋಗಿ ಕೂತ. 2013ರ 'ಪೆಸಿಫಿಕ್ ರಿಮ್' ಹೊತ್ತಿಗೆ ಒಬ್ಬರು ಸಾಲಲಿಲ್ಲ. ಇಬ್ಬರು ತಮ್ಮ ನೆನಪುಗಳನ್ನೂ ಬೆಸೆದುಕೊಂಡರೆ ಮಾತ್ರ ಯಂತ್ರ ಕಾಲೆತ್ತುತ್ತದೆ. ಇಷ್ಟು ದೊಡ್ಡ ಶಕ್ತಿಯ ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದು ಕಥೆಯೇ ಅಲ್ಲ ಅಂದರೆ ನನಗೆ ಉತ್ತರ ಗೊತ್ತಿಲ್ಲ.

ಸಂಭಾಷಣೆ ಕೆಟ್ಟದಾಗಿರುತ್ತದೆ, ಒಪ್ಪಿದೆ. ಜೋಕುಗಳು ಇನ್ನೂ ಕೆಟ್ಟದಾಗಿರುತ್ತವೆ. ಲಾರಿ ಎದ್ದು ನಿಂತಾಗ ಅದೆಲ್ಲ ಮರೆತುಹೋಗುತ್ತದೆ. ಎಚ್ಚರವಾಗಿದ್ದರೆ.

ವಿರೋಧ: ಮನುಷ್ಯರು ಎಲ್ಲಿ ಹೋದರು?

ಹೌದು, ನಿದ್ದೆ ಹೋದೆ. ತಮ್ಮ ಚಾಡಿ ಹೇಳಿದ್ದಾನೆ, ಕಾರಣ ಮಾತ್ರ ಕೇಳಿಲ್ಲ. ಸದ್ದು ಕಡಿಮೆಯಾಗಿ ಬಂದ ನಿದ್ದೆ ಅಲ್ಲ ಅದು. ಸದ್ದು ಜಾಸ್ತಿಯಾಗಿ ಬಂದದ್ದು.

ಥಿಯೇಟರಿನ ಸದ್ದಿಗೂ ಒಂದು ಅಳತೆ ಇದೆ. ಒಂದೊಂದು ಚಾನಲ್‌ಗೆ 85 ಡೆಸಿಬಲ್ ಅಂತ ಆಧಾರ ಇಟ್ಟುಕೊಂಡು, ಅದರ ಮೇಲೆ ಇನ್ನೂ 20 ಡೆಸಿಬಲ್ ಏರಲು ಜಾಗ ಬಿಟ್ಟಿರುತ್ತಾರೆ. ಆ ಜಾಗ ಇರುವುದು ಯಾವಾಗಲೋ ಒಮ್ಮೆ ಬರುವ ಸ್ಫೋಟಕ್ಕೆ, ಗುಡುಗಿಗೆ. ಈ ಸಿನಿಮಾಗಳು ಕೊನೆಯ ಮುಕ್ಕಾಲು ಗಂಟೆ ಅಲ್ಲೇ ಸಂಸಾರ ಹೂಡುತ್ತವೆ. ಆಗ ಕಿವಿ ಏನು ಮಾಡಬೇಕು? ಕೈಚೆಲ್ಲುತ್ತದೆ. ಗಿರಣಿಯ ಪಕ್ಕದಲ್ಲಿ ಇರುವವರಿಗೆ ಗಿರಣಿ ಕೇಳಿಸುವುದಿಲ್ಲ. ರೈಲಿನಲ್ಲಿ ಮಲಗಿದವರಿಗೆ ಗಡಗಡ ಸದ್ದೇ ಜೋಗುಳ. ನನಗೂ ಅದೇ ಆಯಿತು.

ತೂಕದ ವಿಷಯದಲ್ಲಿ ತಮ್ಮ ಹೇಳಿದ್ದು ಸರಿ. ನನ್ನ ದೂರೂ ಅದೇ. ಅವನು ತೋರಿಸಿದ್ದು ನೀರು ಸುರಿಯುವ ಒಂದು ಸಿನಿಮಾ. ಉಳಿದ ಹೆಚ್ಚಿನವುಗಳಲ್ಲಿ ಟನ್‌ಗಟ್ಟಲೆ ಕಬ್ಬಿಣ ಸರ್ಕಸ್ ಹುಡುಗನ ಹಾಗೆ ಪಲ್ಟಿ ಹೊಡೆಯುತ್ತದೆ. 1638ರಲ್ಲೇ ಗೆಲಿಲಿಯೊ ಈ ದೈತ್ಯರ ಲೆಕ್ಕ ಬಿಡಿಸಿ ಹೇಳಿದ್ದಾನೆ. ಆಕಾರ ಹಾಗೇ ಇಟ್ಟು ಎತ್ತರ ಹತ್ತು ಪಟ್ಟು ಮಾಡಿದರೆ ತೂಕ ಸಾವಿರ ಪಟ್ಟಾಗುತ್ತದೆ. ಅದನ್ನು ಹೊರುವ ಕಾಲನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ವಿಸ್ತೀರ್ಣ ನೂರು ಪಟ್ಟು ಮಾತ್ರ. ಅಂದರೆ ಒಂದೊಂದು ಚದರ ಅಂಗುಲದ ಮೇಲೂ ಹತ್ತು ಪಟ್ಟು ಭಾರ. "ಸಿನಿಮಾ ತಾನೇ ಅಕ್ಕಾ, ಪಾಠ ಮಾಡ್ಬೇಡ" ಅಂತಾನೆ ಇವನು. ನಾನೇನು ಎಂಜಿನಿಯರ್ ಸರ್ಟಿಫಿಕೇಟ್ ಕೇಳುತ್ತಿಲ್ಲ. ಇಪ್ಪತ್ತನೇ ಮಹಡಿಯಿಂದ ಬಿದ್ದವನು ಮೈ ಕೊಡವಿ ಎದ್ದರೆ, ಮುಂದಿನ ಸಲ ಅವನು ಬೀಳುವಾಗ ನಾನು ಯಾಕೆ ಹೆದರಬೇಕು? ಅಷ್ಟೇ ನನ್ನ ಪ್ರಶ್ನೆ.

ಇನ್ನು ಆ ಪ್ರಖ್ಯಾತ 10,108 ಭಾಗಗಳು. ಮೊನ್ನೆ ಎಚ್ಚರ ಇದ್ದಾಗಿನ ಮಾತು ಇದು. ಬೂದು ಬಣ್ಣದ ತೋಳು ಬೂದು ಬಣ್ಣದ ಎದೆಗೆ ಸಿಕ್ಕಿಕೊಂಡಿದೆ. ಕ್ಯಾಮೆರಾ ಇಬ್ಬರನ್ನೂ ಸುತ್ತು ಹಾಕುತ್ತಿದೆ. ಎರಡು ಸೆಕೆಂಡಿಗೆ ಒಂದು ಶಾಟ್ ಬದಲಾಗುತ್ತಿದೆ. ಕಿಡಿ, ದೂಳು, ಮತ್ತೆ ಕಿಡಿ. ಯಾರೋ ದಬಾರನೆ ಬಿದ್ದರು. ತಮ್ಮನ ಕಡೆ ಬಗ್ಗಿ ಪಿಸುಗುಟ್ಟಿದೆ: "ಈಗ ಬಿದ್ದದ್ದು ನಮ್ಮವನಾ?"

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. "ಇರು, ನೋಡ್ತೀನಿ" ಅಂದ.

ಬಿಡಿಭಾಗದ ಲೆಕ್ಕ ಬಾಯಿಪಾಠ ಇರುವವನ ಗತಿ ಇದು! ಭಾಗ ಜಾಸ್ತಿಯಾದಷ್ಟೂ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. 1999ರ 'ದಿ ಐರನ್ ಜೈಂಟ್' ಕಾರ್ಟೂನ್ ಚಿತ್ರದ ರೋಬೋಟ್‌ಗೆ ಇದ್ದದ್ದು ಎರಡು ದುಂಡನೆ ಕಣ್ಣು, ಒಂದು ಪೆಟ್ಟಿಗೆಯಂಥ ದವಡೆ. ತಾನು ಬಂದೂಕು ಆಗುವುದಿಲ್ಲ ಅಂತ ಆ ಯಂತ್ರ ನಿರ್ಧಾರ ಮಾಡುವುದು ಆ ಎರಡು ಕಣ್ಣಿನಲ್ಲೇ ಗೊತ್ತಾಗುತ್ತದೆ. ಥಿಯೇಟರಿನಲ್ಲಿ ಅದು ಸೋತಿತು. ಜನ ಅದನ್ನು ಹುಡುಕಿಕೊಂಡು ನೋಡಿದ್ದು ಆಮೇಲೆ.

ತಮ್ಮ ಚಕ್ರ ಎಲ್ಲಿ ಹೋಯಿತು ಅಂತ ಕೇಳುತ್ತಾನೆ. ನಾನು ಕೇಳುವುದು ಮನುಷ್ಯರು ಎಲ್ಲಿ ಹೋದರು ಅಂತ. ಮೊನ್ನೆಯ ಸಿನಿಮಾದಲ್ಲಿ ರೋಬೋಟ್ ಒಂದು ಗೋಪುರವನ್ನು ಸೀಳಿಕೊಂಡು ಹೋಯಿತು. ಒಂದು ಮಹಡಿ ತೆರೆದ ಡ್ರಾಯರ್ ಹಾಗೆ ಹೊರಗೆ ಕಂಡಿತು. ಸಾಲಾಗಿ ಮೇಜುಗಳು. ಕಾಗದಗಳು ಹಾರುತ್ತಿದ್ದವು. ಒಂದು ಮೇಜಿನ ಮೇಲೆ ದೀಪ ಇನ್ನೂ ಉರಿಯುತ್ತಿತ್ತು, ಕುರ್ಚಿಯ ಬೆನ್ನಿಗೆ ಯಾರದೋ ಕೋಟು ನೇತುಹಾಕಿತ್ತು. ಕೋಟಿನವರು ಎಲ್ಲಿ? ಕ್ಯಾಮೆರಾಕ್ಕೆ ಅದು ಬೇಕಿಲ್ಲ. ಮೇಜಿಗೆ ದೀಪ ಇಡುವಷ್ಟು, ಕುರ್ಚಿಗೆ ಕೋಟು ಹಾಕುವಷ್ಟು ಶ್ರದ್ಧೆಯಿಂದ ಯಾರೋ ಒಬ್ಬರು ಆ ಮಹಡಿ ಕಟ್ಟಿದ್ದಾರೆ. ಅಲ್ಲಿ ಒಬ್ಬ ಮನುಷ್ಯನನ್ನು ಇಡಲು ಕಥೆಗೆ ಧೈರ್ಯ ಇಲ್ಲ. ಇಟ್ಟರೆ ಇದು ಮಕ್ಕಳನ್ನು ಕರೆದುಕೊಂಡು ಬರುವ ಸಿನಿಮಾ ಆಗಿ ಉಳಿಯುವುದಿಲ್ಲ, ಅಲ್ವಾ? ಹಾಗಾಗಿ ನಗರ ಬೀಳುತ್ತದೆ, ಸಾಯುವವರು ಯಾರೂ ಇಲ್ಲ. ಐದು ನಿಮಿಷದಲ್ಲಿ ನಾಯಕ ಜೋಕ್ ಹೇಳುತ್ತಾನೆ.

ಆ ದೀಪ ಇಟ್ಟವರ ಬಗ್ಗೆಯೂ ಹೇಳಬೇಕು. 38 ದಿನದ ಲೆಕ್ಕ ಹೇಳುವಾಗ ತಮ್ಮನ ಕಣ್ಣು ಅರಳುತ್ತದೆ. ಈ ರೋಬೋಟ್ ಚಿತ್ರಗಳಿಗೆ ಕೆಲಸ ಮಾಡಿದ ಡಿಜಿಟಲ್ ಡೊಮೇನ್ ಅನ್ನುವ ಗ್ರಾಫಿಕ್ಸ್ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. 2013ರ ಫೆಬ್ರವರಿಯಲ್ಲಿ ರಿದಮ್ ಅಂಡ್ ಹ್ಯೂಸ್ ಕಂಪನಿಯ ಸರದಿ. ಅದೇ ತಿಂಗಳು ಅವರ ಕೆಲಸಕ್ಕೆ ಆಸ್ಕರ್ ಬಂತು. ಸಮಾರಂಭದ ಹೊರಗೆ ಗ್ರಾಫಿಕ್ಸ್ ಕೆಲಸಗಾರರು ಪ್ರತಿಭಟನೆ ಮಾಡುತ್ತಿದ್ದರು. ಅದಕ್ಕೆ ಎರಡು ವರ್ಷ ಹಿಂದೆ ರೋಬೋಟ್‌ಗಳಿಗೆ ಸುಗ್ಗಿಯೇ: 2011ರ 'ಟ್ರಾನ್ಸ್‌ಫಾರ್ಮರ್ಸ್' ಒಂದೇ 100 ಕೋಟಿ ಡಾಲರ್ ದಾಟಿತ್ತು. ಸಿನಿಮಾ ಮುಗಿದ ಮೇಲೆ ಹತ್ತು ನಿಮಿಷ ಸಣ್ಣ ಅಕ್ಷರದಲ್ಲಿ ಹೆಸರುಗಳು ಓಡುತ್ತವಲ್ಲ, ಅದು ಇವರದ್ದು. ಆ ಹೊತ್ತಿಗೆ ತಮ್ಮ ಪಾರ್ಕಿಂಗ್ ತಲುಪಿರುತ್ತಾನೆ.

ಸೇನೆಯ ವಿಷಯ ಚಿಕ್ಕದಾಗಿ ಹೇಳಿ ಬಿಡುತ್ತೇನೆ. 2007ರ ಆ ಚಿತ್ರಕ್ಕೆ ಅಮೆರಿಕದ ವಾಯುಪಡೆಯ ನೆಲೆ, ನಿಜವಾದ ಎಫ್-22 ವಿಮಾನಗಳು ಸಿಕ್ಕಿದ್ದವು. ಅಂಥ ನೆರವು ಬೇಕಾದರೆ ಚಿತ್ರಕಥೆಯನ್ನು ರಕ್ಷಣಾ ಇಲಾಖೆಗೆ ಮೊದಲು ತೋರಿಸಬೇಕು. ರಿಮೋಟ್ ಯಾರ ಕೈಯಲ್ಲಿ ಅಂತ ತಮ್ಮ ಕೇಳಿದ್ದನಲ್ಲ?

ಹಾಗಂತ ನಾನು ರೋಬೋಟ್ ವಿರೋಧಿ ಅಲ್ಲ. 2018ರ 'ಬಂಬಲ್‌ಬೀ' ನೋಡಿದ್ದೇನೆ, ಪೂರ್ತಿ ಎಚ್ಚರವಾಗಿ. 114 ನಿಮಿಷ. ಒಬ್ಬ ಹುಡುಗಿ, ಒಂದು ಗ್ಯಾರೇಜು, ಮಾತು ಕಳೆದುಕೊಂಡು ಕಾರಿನ ರೇಡಿಯೊ ಹಾಡುಗಳಲ್ಲೇ ಉತ್ತರ ಕೊಡುವ ಒಂದು ಹಳದಿ ರೋಬೋಟ್. ಅದೇ ಸರಣಿಯ 2014ರ ಚಿತ್ರ 165 ನಿಮಿಷ ಇತ್ತು. ವಿಮರ್ಶಕರು ಬೈದರು, ಅದೂ 100 ಕೋಟಿ ಡಾಲರ್ ಮೀರಿ ಗಳಿಸಿತು. 'ಬಂಬಲ್‌ಬೀ' ಗಳಿಸಿದ್ದು ಅದರ ಅರ್ಧಕ್ಕಿಂತ ಕಡಿಮೆ. ಮುಂದಿನ ಸಿನಿಮಾ ಎಷ್ಟು ಉದ್ದ ಇರಬೇಕು ಅಂತ ನಿರ್ಮಾಪಕರಿಗೆ ಹೇಳಿಕೊಡುವವರು ಟಿಕೆಟ್ ತಗೊಳ್ಳುವ ನಾವೇ. ಅದಕ್ಕೇ ನನ್ನ ತಕರಾರು ಸಿನಿಮಾ ಮಾಡುವವರಿಗಿಂತ ಜಾಸ್ತಿ ತಮ್ಮನ ಮೇಲೆ.

ಒಂದು ಮಾತು ಬಾಕಿ ಇದೆ. ನಾನು ನಿದ್ದೆ ಹೋದದ್ದನ್ನು ಹೇಳಿದವನು ಎದ್ದದ್ದನ್ನು ಹೇಳಲಿಲ್ಲ. ನನಗೆ ಎಚ್ಚರವಾದದ್ದು ಎಲ್ಲ ಸದ್ದೂ ನಿಂತಾಗ. ಕಣ್ಣು ಬಿಟ್ಟರೆ ಪರದೆಯ ಮೇಲೆ ಒಂದು ರೋಬೋಟ್ ಮಂಡಿಯೂರಿ ಕೂತಿತ್ತು. ಅದಕ್ಕೆ ಒಂದು ಕೈ ಇರಲಿಲ್ಲ. ಭುಜದಿಂದ ಒಂದು ಬೋಲ್ಟ್ ಕಳಚಿತು. ಬಿತ್ತು, ಬಿತ್ತು, ಎಲ್ಲೋ ಕೆಳಗೆ ಠಣ್ ಅಂತು. ನಾನು ನೆಟ್ಟಗೆ ಕೂತು ಕನ್ನಡಕ ಮೇಲೆ ಸರಿಸಿಕೊಂಡೆ. ಮುಂದಿನ ಸಾಲಿನ ಆ ಹುಡುಗಿಯೂ ಉಸಿರು ಬಿಗಿ ಹಿಡಿದಿದ್ದಳು.

ಅಷ್ಟರಲ್ಲಿ ಮತ್ತೆ ಶುರುವಾಯಿತು.