ಮನುಷ್ಯ ಕೆಟ್ಟ ಮೇಲೂ ದೇವರು ಕೈಬಿಡಲಿಲ್ಲ ಯಾಕೆ?

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮಾತು ಬಂದರೆ ಸಾಕು, ಜಗಳ ಆರು ದಿನದ ಮೇಲೆ ಶುರುವಾಗುತ್ತದೆ. ಲೋಕ ಆರೇ ದಿನದಲ್ಲಿ ಆಯಿತಾ, ಹಾವು ಮಾತಾಡಿತಾ, ಮೊದಲ ಮನುಷ್ಯ ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು. ನಂಬುವವರು, ನಂಬದವರು ಎರಡೂ ಕಡೆಯವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆ ಪುಸ್ತಕದ ಮೊದಲ 11 ಅಧ್ಯಾಯಗಳಿಗೆ ಇದು ಯಾವುದೂ ದೊಡ್ಡ ವಿಷಯವೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿರುವುದು ಎರಡೇ ಪ್ರಶ್ನೆ. ದೇವರಿಗೆ ಮನುಷ್ಯ ಯಾಕೆ ಬೇಕಿತ್ತು? ಆ ಮನುಷ್ಯ ಕೆಟ್ಟುಹೋದರೆ ಮುಂದೇನು?

ಈ ಪುಸ್ತಕ ಬರೆದ ಹೀಬ್ರೂ ಜನ ಏನು ಹೇಳಿದರು ಅಂತ ತಿಳಿಯಬೇಕಾದರೆ ಅವರ ಅಕ್ಕಪಕ್ಕದವರು ಏನು ಹೇಳುತ್ತಿದ್ದರು ಅಂತಲೂ ಕೇಳಬೇಕು. ಈಗಿನ ಇರಾಕಿನಲ್ಲಿದ್ದ ಬಾಬಿಲೋನಿನಲ್ಲಿ ಅತ್ರಹಾಸಿಸ್ ಅನ್ನುವ ಕಥೆ ಇತ್ತು. ಕ್ರಿ.ಪೂ. 17ನೇ ಶತಮಾನದ ಜೇಡಿಮಣ್ಣಿನ ಹಲಗೆಗಳಲ್ಲಿ ಅದು ಸಿಕ್ಕಿದೆ. ಅದರಲ್ಲಿ ಮೊದಲು ದುಡಿಯುವವರು ಚಿಕ್ಕ ದೇವತೆಗಳು. ಕಾಲುವೆ ತೋಡಿ ತೋಡಿ ಅವರಿಗೆ ಸಾಕಾಗುತ್ತದೆ. ಒಂದು ರಾತ್ರಿ ಗುದ್ದಲಿ, ಬುಟ್ಟಿಗಳಿಗೆ ಬೆಂಕಿ ಇಟ್ಟು, ದೊಡ್ಡ ದೇವರಾದ ಎನ್ಲಿಲನ ಮನೆಗೆ ಮುತ್ತಿಗೆ ಹಾಕುತ್ತಾರೆ. ಆಗ ಒಬ್ಬ ದೇವತೆಯನ್ನು ಕೊಂದು, ಅವನ ರಕ್ತ ಮಾಂಸವನ್ನು ಮಣ್ಣಿಗೆ ಕಲಸಿ ಮನುಷ್ಯನನ್ನು ಮಾಡುತ್ತಾರೆ. ಇನ್ನು ಮೇಲೆ ಗುದ್ದಲಿ ಅವನ ಪಾಲಿಗೆ. ಅಂದರೆ ಮನುಷ್ಯ ಹುಟ್ಟಿದ್ದೇ ದೇವತೆಗಳ ಚಾಕರಿಗೆ.

ಈಗ ಆದಿಕಾಂಡದ 2ನೇ ಅಧ್ಯಾಯ ತೆಗೆಯಿರಿ. ಇಲ್ಲೂ ಮಣ್ಣೇ. ಆದರೆ ತೋಟ ಹಾಕುವವನು ದೇವರು. ಗಿಡ ನೆಟ್ಟ ಮೇಲೆ ಮನುಷ್ಯನನ್ನು ಅಲ್ಲಿಗೆ ಕರೆತಂದು, ಇದನ್ನು ಉಳು, ಕಾಪಾಡು ಅನ್ನುತ್ತಾನೆ. ಈ ಕೆಲಸ ಕೊಟ್ಟಿದ್ದು ದೇವರು ಬೇಡ ಅಂದ ಹಣ್ಣು ತಿನ್ನುವುದಕ್ಕೆ ಎಷ್ಟೋ ಮುಂಚೆ. ಮುಳ್ಳು, ಬೆವರು ಆಮೇಲೆ ಬಂದವು. ದುಡಿಮೆಯೇ ಆದಾಮನಿಗೆ ಸಿಕ್ಕ ಶಾಪ ಅನ್ನುವವರು ಈ ಒಂದು ವಚನವನ್ನು ದಾಟಿಕೊಂಡು ಹೋಗಿರುತ್ತಾರೆ.

ಅದೇ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಗ ಇದೆ. ದೇವರು ಪ್ರಾಣಿ ಪಕ್ಷಿಗಳನ್ನು ಮಾಡಿ ಆದಾಮನ ಮುಂದೆ ತರುತ್ತಾನೆ. ಇವನು ಏನು ಹೆಸರಿಡುತ್ತಾನೆ ನೋಡೋಣ ಅಂತ. ತಾನೇ ಹೆಸರಿಟ್ಟು ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಮನುಷ್ಯ ಏನಂದನೋ ಅದೇ ಹೆಸರಾಯಿತು. ಆಳಿಗೆ ಯಾರೂ ಇಂಥ ಕೆಲಸ ಕೊಡುವುದಿಲ್ಲ, ಅಲ್ವಾ?

1ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಈಜಿಪ್ಟಿನಲ್ಲೂ ಅಸ್ಸೀರಿಯಾದಲ್ಲೂ ದೇವರ ಸ್ವರೂಪ ಅಂತ ಹೊಗಳುತ್ತಿದ್ದುದು ರಾಜನನ್ನು. ಇಲ್ಲಿ ಆ ಮಾತು ಗಂಡು ಹೆಣ್ಣು ಅನ್ನದೆ ಎಲ್ಲ ಮನುಷ್ಯರಿಗೂ ಸಲ್ಲುತ್ತದೆ. ಈ ಅಧ್ಯಾಯ ಹೀಬ್ರೂ ಜನರನ್ನು ಬಾಬಿಲೋನಿಗೆ ಸೆರೆ ಒಯ್ದಿದ್ದ ಕಾಲದ್ದು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಕ್ರಿ.ಪೂ. 586ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟುಹೋಗಿತ್ತು. ರಾಜ ಸೆರೆಯಲ್ಲಿದ್ದ. ಹಾಗಿದ್ದರೆ ಈ ಮಾತು ಹೇಳಿದವರು ಎಲ್ಲ ಕಳೆದುಕೊಂಡ ಜನ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಎರಡನೇ ಪ್ರಶ್ನೆ. ಮನುಷ್ಯ ಕೆಟ್ಟ. ಮುಂದೇನು?

ಹಣ್ಣು ತಿಂದ ದಿನವೇ ಸಾಯುತ್ತೀರಿ ಅಂತ ಎಚ್ಚರಿಕೆ ಇತ್ತು. ಆದಾಮನೂ ಅವನ ಹೆಂಡತಿ ಹವ್ವಳೂ ತಿಂದರು. ದೇವರು ಬಂದು ಮೊದಲು ಕೇಳಿದ್ದು, ಎಲ್ಲಿದ್ದೀಯ? ತೋಟದಿಂದ ಹೊರಗೆ ಹಾಕುವ ಮುಂಚೆ ಇಬ್ಬರಿಗೂ ಚರ್ಮದ ಅಂಗಿ ಮಾಡಿ ತಾನೇ ತೊಡಿಸುತ್ತಾನೆ. ಕಾಯಿನ ತಮ್ಮನನ್ನೇ ಕೊಂದಾಗಲೂ ಅಷ್ಟೆ. ಅವನನ್ನು ಓಡಿಸುತ್ತಾನೆ, ಆದರೆ ಯಾರೂ ಅವನನ್ನು ಕೊಲ್ಲದ ಹಾಗೆ ಗುರುತು ಇಡುತ್ತಾನೆ. ಮುಂದೆ ಊರು ಕಟ್ಟುವುದು, ಕಿನ್ನರಿ ಕೊಳಲು ನುಡಿಸುವುದು, ತಾಮ್ರ ಕಬ್ಬಿಣದ ಕೆಲಸ ಇವೆಲ್ಲ ಶುರುವಾಗುವುದು ಈ ಕೊಲೆಗಾರನ ಮನೆತನದಲ್ಲೇ. ಬರೆದವರು ಅದನ್ನು ಮುಚ್ಚಿಡಲಿಲ್ಲ. ಅದೇ ಮನೆತನದ ಲೆಮೆಕ, ನನಗೆ ಗಾಯ ಮಾಡಿದವನನ್ನು ಕೊಂದೆ ಅಂತ ಹೆಂಡತಿಯರ ಮುಂದೆ ಹಾಡಿ ಹೇಳಿಕೊಳ್ಳುತ್ತಾನೆ. ಸಂಗೀತವೂ ಅಲ್ಲೇ, ಸೊಕ್ಕೂ ಅಲ್ಲೇ.

ಆಮೇಲೆ ಜಲಪ್ರಳಯ. ಬಾಬಿಲೋನಿನ ಕಥೆಯಲ್ಲಿ ಪ್ರಳಯಕ್ಕೆ ಕಾರಣ ಗಲಾಟೆ. ಜನ ಜಾಸ್ತಿಯಾದರು, ಎನ್ಲಿಲನಿಗೆ ನಿದ್ದೆ ಬರಲಿಲ್ಲ. ಆದಿಕಾಂಡದಲ್ಲಿ ಕಾರಣ ಹಿಂಸೆ. ಭೂಮಿ ಹಿಂಸೆಯಿಂದ ತುಂಬಿತ್ತು. 6ನೇ ಅಧ್ಯಾಯದ 5ನೇ ವಚನದಲ್ಲಿ, ಮನುಷ್ಯನ ಹೃದಯದ ಯೋಚನೆಯೆಲ್ಲ ಯಾವಾಗಲೂ ಕೆಟ್ಟದ್ದೇ ಅಂತ ದೇವರು ಕಾಣುತ್ತಾನೆ. ಮನುಷ್ಯನನ್ನು ಮಾಡಿದ್ದಕ್ಕೆ ಮನಸ್ಸಿನಲ್ಲೇ ನೊಂದುಕೊಳ್ಳುತ್ತಾನೆ. ಅದಕ್ಕೇ ಪ್ರಳಯ.

ನೀರು ಇಳಿಯಿತು. ದೇವರು ನಾವೆಯಲ್ಲಿ ಉಳಿಸಿದ್ದ ನೋಹ ಕೆಳಗಿಳಿದು ಯಜ್ಞ ಮಾಡಿದ. ಇದೇ ಘಟ್ಟದಲ್ಲಿ ಬಾಬಿಲೋನಿನ ದೇವತೆಗಳು ಹಸಿದು ಕಂಗಾಲಾಗಿರುತ್ತಾರೆ. ಅನ್ನ ಹಾಕುವವರನ್ನೆಲ್ಲ ಮುಳುಗಿಸಿದ್ದರಲ್ಲ! ಹೊಗೆಯ ವಾಸನೆ ಬಂದಿದ್ದೇ ತಡ, ನೊಣಗಳ ಹಾಗೆ ಮುತ್ತುತ್ತಾರೆ. ಆದಿಕಾಂಡದಲ್ಲೂ ದೇವರು ಆ ಸುವಾಸನೆ ಮೂಸುತ್ತಾನೆ. ಆದರೆ ಹಸಿವಿನ ಮಾತೇ ಇಲ್ಲ. 8ನೇ ಅಧ್ಯಾಯದ 21ನೇ ವಚನದಲ್ಲಿ ಹೀಗಂದುಕೊಳ್ಳುತ್ತಾನೆ: ಮನುಷ್ಯನ ಹೃದಯ ಚಿಕ್ಕಂದಿನಿಂದಲೇ ಕೆಟ್ಟದ್ದು, ಆದರೂ ಇನ್ನು ಮೇಲೆ ಅವನ ಸಲುವಾಗಿ ಭೂಮಿಯನ್ನು ಶಪಿಸುವುದಿಲ್ಲ.

ಎರಡೂ ವಚನ ಪಕ್ಕಪಕ್ಕ ಇಟ್ಟು ಓದಿ. ಮನುಷ್ಯ ಕೆಟ್ಟವನು ಅನ್ನುವ ಅದೇ ಕಾರಣಕ್ಕೆ ಮೊದಲು ಮುಳುಗಿಸಿದ. ಅವನು ಹಾಗೇ ಇದ್ದಾನೆ ಅಂತ ಗೊತ್ತಿದ್ದೇ ಇನ್ನು ಮುಳುಗಿಸುವುದಿಲ್ಲ ಅನ್ನುತ್ತಾನೆ. ನೀರಿನಿಂದ ಮನುಷ್ಯ ಬದಲಾಗಲಿಲ್ಲ. ಬದಲಾಗಿದ್ದು ದೇವರ ತೀರ್ಮಾನ. ಈ ಕೆಟ್ಟ ಮನುಷ್ಯನನ್ನೇ ಇಟ್ಟುಕೊಂಡು ಮುಂದೆ ಹೋಗಬೇಕು ಅನ್ನುವ ತೀರ್ಮಾನ ಅದು. ಮನುಷ್ಯ ಹುಟ್ಟಾ ಪಾಪಿ ಅಂತ ಹೆದರಿಸುವುದಕ್ಕೆ ಈ ವಚನ ಹಿಡಿಯುವವರಿಗೆ ನನ್ನದೊಂದೇ ಬೇಡಿಕೆ: ದಯವಿಟ್ಟು ವಚನವನ್ನು ಪೂರ್ತಿ ಓದಿ.

ಪ್ರಳಯದ ಕಥೆ ನನಗೆ ಸುಲಭವಾಗಿ ಅರಗುತ್ತದೆ ಅಂತ ಅಂದುಕೊಳ್ಳಬೇಡಿ. ಮುಳುಗಿದವರ ದನಿ ಆದಿಕಾಂಡದಲ್ಲಿ ಒಂದು ಸಾಲೂ ಇಲ್ಲ. ಮಕ್ಕಳೂ ಇದ್ದರಲ್ಲ. ಈ ವಿಷಯದಲ್ಲಿ ಬಾಬಿಲೋನಿನ ಕಥೆಯೇ ನನಗೆ ಹತ್ತಿರ. ಅಲ್ಲಿ ಮನುಷ್ಯರನ್ನು ಹೆತ್ತ ದೇವತೆ ತನ್ನ ಮಕ್ಕಳು ಹುಳಗಳ ಹಾಗೆ ಹೊಳೆ ತುಂಬಿರುವುದನ್ನು ನೋಡಿ ಗೋಳಾಡುತ್ತಾಳೆ. ಆದಿಕಾಂಡದ ದೇವರು ಪ್ರಳಯಕ್ಕೆ ಮುಂಚೆ ನೊಂದ. ಆಮೇಲೂ ಒಂದು ಸಾಲು ಇದ್ದಿದ್ದರೆ ಅನಿಸುತ್ತದೆ.

ಪ್ರಳಯದ ನಂತರ ನಿಯಮಗಳೂ ಬದಲಾಗುತ್ತವೆ. ಮೊದಲು ಮನುಷ್ಯನಿಗೆ ಕಾಳು, ಹಣ್ಣು ಮಾತ್ರ. ಈಗ ಮಾಂಸಕ್ಕೂ ಒಪ್ಪಿಗೆ, ರಕ್ತ ಮಾತ್ರ ತಿನ್ನಬಾರದು. ಮನುಷ್ಯನ ರಕ್ತ ಸುರಿಸಬಾರದು, ಯಾಕೆಂದರೆ ಅವನು ಈಗಲೂ ದೇವರ ಸ್ವರೂಪವೇ. ಇಷ್ಟೆಲ್ಲ ಆದ ಮೇಲೂ ಆ ಮಾತನ್ನು ವಾಪಸ್ ತೆಗೆದುಕೊಂಡಿಲ್ಲ. ಇನ್ನು ಪ್ರಳಯ ತರುವುದಿಲ್ಲ ಅಂತ ಮಳೆಬಿಲ್ಲನ್ನು ಗುರುತಾಗಿಟ್ಟು ದೇವರು ಮಾಡಿದ ಒಡಂಬಡಿಕೆಯೂ ನೋಹನ ಮನೆಯವರಿಗಷ್ಟೇ ಸೇರಿದ್ದಲ್ಲ. ದನಕರು, ಹಕ್ಕಿ, ಕಾಡುಮೃಗ, ನಾವೆಯಿಂದ ಇಳಿದ ಎಲ್ಲದರ ಜೊತೆಗೂ ಅಂತ ಸ್ಪಷ್ಟವಾಗಿ ಬರೆದಿದೆ.

ಆಮೇಲೆ ನೋಹ ಕುಡಿದು ಬೀಳುತ್ತಾನೆ. ಬಾಬೆಲಿನಲ್ಲಿ ಗೋಪುರ ಏಳುತ್ತದೆ, ಜನ ಚದುರುತ್ತಾರೆ. 11ನೇ ಅಧ್ಯಾಯದ ಕೊನೆಗೆ ವಂಶಾವಳಿ, ಮುಂದೆ ಅಬ್ರಹಾಮ ಅನ್ನಿಸಿಕೊಂಡ ಅಬ್ರಾಮನ ಹತ್ತಿರ ಬರುವಾಗ, ಅವನ ಹೆಂಡತಿ ಸಾರಯಳಿಗೆ ಮಕ್ಕಳಾಗಿರಲಿಲ್ಲ ಅನ್ನುವ ಸಾಲು ಇದೆ. ಭೂಮಿಯ ಎಲ್ಲ ಕುಲಗಳಿಗೂ ನಿನ್ನಿಂದ ಆಶೀರ್ವಾದ ಅಂತ 12ನೇ ಅಧ್ಯಾಯದಲ್ಲಿ ದೇವರು ಹೇಳುವುದು ಈ ಅಬ್ರಾಮನಿಗೇ. ಮನೆಬಿಟ್ಟು ಹೊರಡುವಾಗ ಅವನಿಗೆ 75 ವರ್ಷ.